ಕೊಂಡಿಯ ಒಳಬಾಗು

ನಮ್ಮ ನಡುಮನೆಯಲ್ಲಿ ಒಂದು ತೂಗುಮಣೆ ಇದೆ. ಹಲಸಿನ ಹಲಗೆ, ಹಿತ್ತಾಳೆಯ ಸರಪಳಿ. ಮಾವನವರ ಮನೆ ಪಾಲಾದಾಗ ಲಾರಿಯಲ್ಲಿ ಬಂದ ಸಾಮಾನುಗಳ ಪೈಕಿ ನಾನು ಸಂತೋಷದಿಂದ ಇಳಿಸಿಕೊಂಡದ್ದು ಅದೊಂದನ್ನೇ. ಉಳಿದವೆಲ್ಲ ನಮ್ಮ ಬಾಗಿಲಲ್ಲಿ ಹಿಡಿಸದ ಹಂಡೆ ಕೊಪ್ಪರಿಗೆಗಳು. ಪ್ರತಿ ವರ್ಷ ಯುಗಾದಿಗೆ ಮನೆ ತೊಳೆಯುವಾಗ ಆ ಮಣೆಯನ್ನು ಕೆಳಗಿಳಿಸುತ್ತೇವೆ. ಸರಪಳಿಯನ್ನು ಚಾಪೆಯ ಮೇಲೆ ಹಾಸಿ, ಹುಣಿಸೆಹಣ್ಣು ಹಚ್ಚಿ ಬೆಳಗುವುದು ನನ್ನ ಹೆಂಡತಿಯ ಕೆಲಸ. ಬೆಳಗಿ ಮುಗಿದ ಮೇಲೆ ಕನ್ನಡಕವೇರಿಸಿ, ಕಿಟಕಿಯ ಬೆಳಕಿನಲ್ಲಿ ಕುಳಿತು, ಒಂದೊಂದು ಕೊಂಡಿಯನ್ನೂ ಪಕ್ಕದ ಕೊಂಡಿಯಿಂದ ಸ್ವಲ್ಪ ಸರಿಸಿ, ಅದರ ಒಳಬಾಗನ್ನು ನೋಡುವುದು ನನ್ನ ಕೆಲಸ. ಒಂದು ಸರಪಳಿಗೆ ನಲವತ್ತೆರಡು ಕೊಂಡಿ, ಅಂಥವು ನಾಲ್ಕು. ಒಂದನ್ನೂ ಬಿಡುವುದಿಲ್ಲ.

"ಹೆಣ್ಣು ನೋಡುವುದಕ್ಕೆ ಬಂದಾಗಲೂ ನೀವು ಇಷ್ಟು ಹೊತ್ತು ನೋಡಲಿಲ್ಲ" ಎಂದು ಆಕೆ ಪ್ರತಿ ಯುಗಾದಿಗೂ ಹೇಳುತ್ತಾಳೆ. ಮೊಮ್ಮಕ್ಕಳು ಪ್ರತಿ ಯುಗಾದಿಗೂ ನಗುತ್ತಾರೆ. ಮುದುಕನ ಮರುಳು ಎಂದು ಅವರು ತಿಳಿದಿದ್ದರೆ ತಿಳಿದಿರಲಿ. ಸರಪಳಿಯ ಹೊರಮೈ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಅದು ಸವೆಯುವುದು ಕೊಂಡಿಗೆ ಕೊಂಡಿ ತಾಗುವ ಆ ಒಂದು ಜಾಗದಲ್ಲಿ, ಒಂದರ ಮರೆಯಲ್ಲಿ ಇನ್ನೊಂದು. ಇದನ್ನು ನಾನು ಕಲಿತದ್ದು ಮನೆಯಲ್ಲಲ್ಲ. ಕಲಿತದ್ದಕ್ಕೆ ಕೊಟ್ಟ ಬೆಲೆಯೂ ನನ್ನದಲ್ಲ.

ನಾನು ಹುಟ್ಟಿದ್ದು ತುಮಕೂರಿನ ಕಡೆ. ನನ್ನ ಅನ್ನ ಹುಟ್ಟಿದ್ದು ಕಲಬುರ್ಗಿ ಜಿಲ್ಲೆಯಲ್ಲಿ. 1984ರಲ್ಲಿ ಅಲ್ಲಿನ ಒಂದು ಸಿಮೆಂಟ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿ ಸೇರಿದೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಓದಿದ್ದು ಕನ್ನಡ ಬಿ.ಎ. ರಾಷ್ಟ್ರಕೂಟರ ಮಾನ್ಯಖೇಟ, ಈಗಿನ ಮಳಖೇಡ, ನಮಗೆ ಹತ್ತಿರ ಎಂದು ಕೇಳಿ, ನೃಪತುಂಗನ ನೆಲಕ್ಕೆ ಹೊರಟಿದ್ದೇನೆಂಬ ಠೀವಿಯಿಂದಲೇ ರೈಲು ಹತ್ತಿದೆ. ಹೋಗಿ ನೋಡಿದರೆ ಆ ಸೀಮೆಯ ನೆಲದಡಿಯಲ್ಲಿ ಇರುವುದೆಲ್ಲ ಪದರ ಪದರವಾದ ಸುಣ್ಣದ ಕಲ್ಲು. ಅದನ್ನು ಸಿಡಿಸಿ, ಒಡೆದು, ಅರೆದು, ಸುಟ್ಟು ಚೀಲಕ್ಕೆ ತುಂಬುವುದೇ ಊರಿನ ಕಸುಬು. ಕವಿರಾಜಮಾರ್ಗವನ್ನು ನೆನೆದು ಹೋದವನಿಗೆ ದಕ್ಕಿದ್ದು ನಟ್ಟು, ಬೋಲ್ಟು, ಬೇರಿಂಗು, ಗ್ರೀಸು.

ಮತ್ತು ಸರಪಳಿ. ಕನ್ನಡ ಬಿ.ಎ. ಓದಿದವನಿಗೆ ಸರಪಳಿ ಎಂದರೆ ಬಂಧನ. ಆನೆಯ ಕಾಲಿನ ಸಂಕೋಲೆ, ಸಂಸಾರದ ಸಂಕೋಲೆ, ಕ್ಯಾಲೆಂಡರಿನಲ್ಲಿ ಭಾರತಮಾತೆಯ ಕೈಗೆ ತೊಡಿಸಿದ ಸಂಕೋಲೆ. ಯಾವುದನ್ನೋ ಹೋಗಗೊಡದಂತೆ ಹಿಡಿದಿಡುವುದೇ ಅದರ ಧರ್ಮವೆಂದು ನಾನು ನಂಬಿದ್ದೆ. ಕಾರ್ಖಾನೆಯಲ್ಲಿ ನೋಡಿದರೆ ಅದರ ಧರ್ಮವೇ ಬೇರೆ: ಹಗಲಿರುಳೂ ನಡೆಯುವುದು, ಹೊರುವುದು, ಎಳೆಯುವುದು. ಪೆಟ್ಟಿಗೆಯಂಥ ಉದ್ದನೆಯ ದೋಣಿಯ ತಳದಲ್ಲಿ ಬಿಸಿ ಧೂಳನ್ನು ಕೆರೆದುಕೊಂಡು ಹೋಗುವುದು ಒಂದು. ಕುಲುಮೆಯಿಂದ ಹೊರಬಂದ ಕ್ಲಿಂಕರನ್ನು, ಅಂದರೆ ಬೆಂದು ಗಟ್ಟಿಯಾದ ಕಪ್ಪು ಉಂಡೆಗಳನ್ನು, ಹೊತ್ತು ಸಾಗುವುದು ಇನ್ನೊಂದು. ಮಹಡಿ ಮೇಲೆ ಮಹಡಿಯಷ್ಟು ಎತ್ತರದ ಕಬ್ಬಿಣದ ಗೂಡಿನೊಳಗೆ ಸಾಲಾಗಿ ಬಕೆಟ್ಟು ಕಟ್ಟಿಕೊಂಡು, ಅರೆದ ಕಲ್ಲಿನ ಹಿಟ್ಟನ್ನು ತುಂಬಿ ಮೇಲಕ್ಕೆ ಒಯ್ದು ಸುರಿದು ಬರುವುದು ಮತ್ತೊಂದು. ಬಾವಿಯಿಂದ ನೀರೆತ್ತುವ ರಾಟೆಗುಂಡಿಗೆಯ ಹಾಗೆ, ಆದರೆ ಕೊನೆಯಿಲ್ಲದೆ. ಕುಲುಮೆಯೊಳಗೆ ಕಲ್ಲು ಸುಮಾರು 1,450 ಡಿಗ್ರಿಯಲ್ಲಿ ಬೇಯುತ್ತದೆ. ಅಂಥ ಒಲೆಯ ಆಸುಪಾಸಿನಲ್ಲಿ ರಬ್ಬರಿನ ಪಟ್ಟಿ ಎಷ್ಟು ದಿನ ಬಾಳೀತು? ಹಗ್ಗವಾದರೆ ಹಲ್ಲಿನ ಚಕ್ರಕ್ಕೆ ಸಿಕ್ಕುವುದಿಲ್ಲ. ಬಿಸಿ, ಧೂಳು, ಚೂಪು ಕಲ್ಲು, ಇವು ಮೂರೂ ಸೇರಿದ ಕಡೆ ಸರಪಳಿಗೆ ಸಮನಾದದ್ದು ಇಲ್ಲ.

ಇವನ್ನೆಲ್ಲ ನನಗೆ ತೋರಿಸಿದವರು ಒಬ್ಬ ಫಿಟ್ಟರ್ ಮೇಸ್ತ್ರಿ. ಕೋಲಾರದ ಚಿನ್ನದ ಗಣಿಯ ಊರಿನವರು. ತಂದೆ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಮಗನಿಗೆ ಗಣಿ ಬೇಡವೆಂದು ದೂರ ಕಳಿಸಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಸೇರಿದ ಮಾತು. ಅದರ ಮೇಲೆ ಕಲಬುರ್ಗಿಯ 'ರೀ' ಬೇರೆ ಕುಳಿತಿತ್ತು. ಸೇರಿದ ಹೊಸದರಲ್ಲಿ ನಾನು ಒಂದು ಪಟ್ಟಿ ಹಿಡಿದು, "ಎಕ್ಸ್ 348, ಎಕ್ಸ್ 458, ಎಕ್ಸ್ 678, ಇವೇನು ಮೇಸ್ತ್ರಿ, ಮೋಟಾರಿನ ನಂಬರುಗಳೇ?" ಎಂದು ಕೇಳಿದೆ. ಅವರು ನಗಲಿಲ್ಲ. ಒಂದು ತುಂಡು ಸರಪಳಿಯನ್ನು ನನ್ನ ಮೇಜಿನ ಮೇಲೆ, ಲೆಡ್ಜರಿನ ಮೇಲೆಯೇ, ಎಣ್ಣೆ ಸಮೇತ ಇಟ್ಟರು.

"ಇದು 458. ಮೊದಲನೇ ಅಂಕಿ ನಾಲ್ಕು. ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ನಾಲ್ಕು ಇಂಚು. ಐದು, ಎಂಟು ಅಂದ್ರೆ ಪಿನ್ನಿನ ದಪ್ಪ ಐದರ ಕೆಳಗೆ ಎಂಟು, ಇಂಚಿನ ಲೆಕ್ಕ. 348ಕ್ಕೆ ಮೂರಿಂಚು, ಅರ್ಧ ಇಂಚು. 678ಕ್ಕೆ ಲೆಕ್ಕ ನೀವೇ ಹಾಕಿ ಸ್ವಾಮಿ, ಬಿ.ಎ. ಓದಿದೀರಿ."

ಲೆಕ್ಕ ಹಾಕಿದೆ. ಆರಿಂಚು, ಏಳರ ಕೆಳಗೆ ಎಂಟು. ಹಸ್ತಪ್ರತಿ ಓದಿದಷ್ಟು ಸಂತೋಷವಾಯಿತು. ಆಮೇಲೆ ಅವರು ಆ ಸರಪಳಿಯ ಎರಡು ಕೊಂಡಿಗಳನ್ನು ಎರಡು ಕೈಯಲ್ಲಿ ಹಿಡಿದು, ಒಂದನ್ನು ಅಡ್ಡ ತಿರುಗಿಸಿ ಪಿನ್ನನ್ನು ಜಾರಿಸಿದರು, ಸರಪಳಿ ಬಿಚ್ಚಿಕೊಂಡಿತು. ಮೊಳೆಯಿಲ್ಲ, ಬೆಸುಗೆಯಿಲ್ಲ, ಸುತ್ತಿಗೆ ಬೇಡ, ಸ್ಪ್ಯಾನರು ಬೇಡ. ಬಿಗಿಯಾಗಿ ಎಳೆದಾಗ ಮಾತ್ರ ಅದು ಯಾರ ಕೈಗೂ ಬಿಚ್ಚುವುದಿಲ್ಲ. ಸಡಿಲ ಬಿಟ್ಟರೆ ಮಗುವೂ ಬಿಚ್ಚಬಹುದು. ಒಂದು ಕೊಂಡಿ ಹೋದರೆ ಆ ಒಂದನ್ನೇ ತೆಗೆದು ಇನ್ನೊಂದನ್ನು ಹಾಕಿ ನಡೆಸುವಂಥ ಸೌಕರ್ಯ ಬೇರೆ ಯಾವುದಕ್ಕಿದೆ ಎಂದು ನಾನು ತಲೆದೂಗಿದೆ. ಈ ಸೌಕರ್ಯವೇ ನನ್ನ ತಲೆಯಲ್ಲಿ ಮುಂದೆ ತಪ್ಪಾಗಿ ಬೇರುಬಿಟ್ಟಿತು.

ಬಡಿದು ಮಾಡಿದ್ದಕ್ಕೂ ಎರಕ ಹೊಯ್ದದ್ದಕ್ಕೂ ಇರುವ ಭೇದವನ್ನು ಹೇಳಿಕೊಟ್ಟವರೂ ಅವರೇ. ಎರಕದ ಕಬ್ಬಿಣ ಬೆಲ್ಲದ ಅಚ್ಚಿನ ಹಾಗೆ. ಪೆಟ್ಟು ಬಿದ್ದರೆ ಹೋಳು. ಉಕ್ಕಿನ ತುಂಡನ್ನು ಸುಮಾರು 1,200 ಡಿಗ್ರಿಗೆ ಕಾಯಿಸಿ, ಅಚ್ಚಿನ ಮೇಲಿಟ್ಟು, ಮೇಲಿಂದ ಭಾರದ ಸುತ್ತಿಗೆ ಬೀಳಿಸಿದಾಗ, ಒಳಗಿನ ಎಳೆಗಳು ಕತ್ತರಿಸದೆ ಕೊಂಡಿಯ ಬಾಗಿನ ಜೊತೆಗೇ ಬಾಗುತ್ತವೆ. ನಮ್ಮೂರ ಕಮ್ಮಾರರು ಗುದ್ದಲಿ ತಟ್ಟುವಾಗ ನಡೆಯುವುದೂ ಇದೇ. ಆಮೇಲೆ ಅದಕ್ಕೆ ಇಂಗಾಲ ಕುಡಿಸುತ್ತಾರೆ: ಇಂಗಾಲದ ಸಂಗದಲ್ಲಿ ಗಂಟೆಗಟ್ಟಲೆ ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದರೆ, ಹೊರಗಿನ ತೆಳು ಚರ್ಮ ಗಾಜು ಗೀರುವಷ್ಟು ಗಡುಸಾಗುತ್ತದೆ, ಒಳಗಿನ ತಿರುಳು ಮೆತ್ತಗೆ ಉಳಿಯುತ್ತದೆ. ಚರ್ಮ ಸವೆತವನ್ನು ತಡೆಯಬೇಕು, ತಿರುಳು ಪೆಟ್ಟನ್ನು ತಡೆಯಬೇಕು. ಎರಡೂ ಗಡುಸಾದರೆ ಸಿಡಿಯುತ್ತದೆ, ಎರಡೂ ಮೆತ್ತಗಾದರೆ ತೇಯುತ್ತದೆ. ಆ ಗಡಸು ಚರ್ಮದ ದಪ್ಪ ಮಾತ್ರ ಕೊಂಡಿಯ ದಪ್ಪದ ಹತ್ತನೆಯ ಒಂದು ಪಾಲಿನ ಆಸುಪಾಸು. ಅದು ಇರುವಷ್ಟು ದಿನ ಸರಪಳಿಗೆ ವಯಸ್ಸಾಗುವುದೇ ಇಲ್ಲವೇನೋ ಎನ್ನುವಂತೆ ನಡೆಯುತ್ತದೆ. ಅದು ಸವೆದು ತಿರುಳು ಬಯಲಾಯಿತೋ, ವರ್ಷಗಳಲ್ಲಿ ಆಗದ ಸವೆತ ವಾರಗಳಲ್ಲಿ ಆಗುತ್ತದೆ.

ಕೋಲಾರದ ಮಾತು ಬಂದಾಗ ಮೇಸ್ತ್ರಿ ಹೇಳುತ್ತಿದ್ದ ಒಂದು ಸಂಗತಿ ಇತ್ತು. ಅಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಆಳುಗಳನ್ನು ಇಳಿಸುತ್ತಿದ್ದದ್ದು ಸರಪಳಿಯಿಂದಲ್ಲ, ಉಕ್ಕಿನ ತಂತಿಯ ಹಗ್ಗದಿಂದ. "ಹಗ್ಗ ಸಾಯೋ ಮುಂಚೆ ಹೇಳುತ್ತೆ ಸ್ವಾಮಿ. ಒಂದು ತಂತಿ ತುಂಡಾಗುತ್ತೆ, ಮೀಸೆ ಥರ ಹೊರಗೆ ಬರುತ್ತೆ, ನಾವು ಎಣಿಸ್ತೀವಿ. ಇಷ್ಟಾಯ್ತು, ಇನ್ನು ಬಿಚ್ಚು ಅಂತೀವಿ. ಸರಪಳಿ ಏನೂ ಹೇಳೋಲ್ಲ." ನಾನು ಇದನ್ನು ಒಳ್ಳೆಯ ಮಾತೆಂದು ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಳ್ಳುವ ಚಟವಿರುವವರಿಗೆ ಒಂದು ತೊಂದರೆ: ಬರೆದಾದ ಮೇಲೆ ತಿಳಿದಾಯಿತು ಎಂದೇ ತಿಳಿಯುತ್ತಾರೆ.

1991ರ ಬೇಸಿಗೆಯಲ್ಲಿ ಮೇಸ್ತ್ರಿ ಒಂದು ಇಂಡೆಂಟು ತಂದರು. ಹಿಟ್ಟೆತ್ತುವ ಎಲಿವೇಟರಿನ ಎರಡು ಸಾಲು ಸರಪಳಿಯನ್ನೂ, ಬಕೆಟ್ಟುಗಳನ್ನು ಅದಕ್ಕೆ ತೊಡಿಸುವ ಬಡಿದ ಉಕ್ಕಿನ ಶ್ಯಾಕಲ್‌ಗಳನ್ನೂ ಪೂರಾ ಬದಲಿಸಬೇಕು ಎಂದು. ಆ ವೇಳೆಗೆ ನಾನು ಗುಮಾಸ್ತಿಕೆಯಿಂದ ಮೇಲೇರಿ, ಇಂಡೆಂಟುಗಳನ್ನು ಪರಿಶೀಲಿಸಿ ಷರಾ ಬರೆಯುವ ಸ್ಥಾನಕ್ಕೆ ಬಂದಿದ್ದೆ. ಖರ್ಚು ಇಳಿಸಿ ಎಂದು ಮೇಲಿನವರ ಸುತ್ತೋಲೆ ವಾರಕ್ಕೊಂದು. ಸರಪಳಿಯ ಬೆಲೆ ನೋಡಿದೆ, ಎದೆ ಝಲ್ಲೆಂದಿತು. ನನ್ನ ಕರ್ತವ್ಯನಿಷ್ಠೆಯನ್ನು ಯಾರೂ ಸಂಶಯಿಸಬಾರದು: ಕುರ್ಚಿಯಲ್ಲಿ ಕೂತು ಕತ್ತರಿಸಲಿಲ್ಲ. ಎಲಿವೇಟರು ನಿಂತಿದ್ದ ಒಂದು ಮಧ್ಯಾಹ್ನ ವರ್ನಿಯರ್ ಕ್ಯಾಲಿಪರು ಹಿಡಿದು ನಾನೇ ಹೋದೆ. ಬಾಗಿಲು ತೆಗೆಸಿ, ಕೈಗೆ ಸಿಕ್ಕಿದ ಐದಾರು ಕೊಂಡಿಗಳ ದಪ್ಪ ಅಳೆದೆ. ಒಂದು ಸಾಲಿನದು ಎಲ್ಲೋ ಕೂದಲೆಳೆಯಷ್ಟು ಇಳಿದಿತ್ತು. ಇನ್ನೊಂದು ಸಾಲಿನದು ಹೊಸದರ ಹಾಗೇ ಇತ್ತು. ನಾನು ಅಳೆದದ್ದು ಪಕ್ಕದ ತೋಳುಗಳನ್ನು. ಅಳೆಯಬೇಕಾದ್ದು ಒಳಬಾಗನ್ನು. ಭಾರದಲ್ಲಿ ತೂಗುತ್ತಿರುವ ಸರಪಳಿಯಲ್ಲಿ ಆ ಜಾಗ ಕಾಣುವುದೇ ಇಲ್ಲ, ಶ್ಯಾಕಲ್ ಅದನ್ನು ಮುಚ್ಚಿಕೊಂಡು ಕೂತಿರುತ್ತದೆ.

"ಒಂದು ಸಾಲು ಬದಲಿಸಿದರೆ ಸದ್ಯಕ್ಕೆ ಸಾಕು" ಎಂದು ಷರಾ ಬರೆದೆ.

ಮೇಸ್ತ್ರಿ ಬಂದು ನಿಂತರು. "ಹಾಗೆ ಮಾಡಕ್ಕಾಗಲ್ಲ ಸ್ವಾಮಿ. ಹಳೇದು ಒಳಗೆ ಸವೆದು ಉದ್ದ ಆಗಿರುತ್ತೆ. ಹೊಸದು ಗಿಡ್ಡ. ಜೋಡೆತ್ತಿನಲ್ಲಿ ಒಂದು ಕುಂಟಿದ ಹಾಗೆ. ಬಕೆಟ್ಟು ಓರೆ ಆಗುತ್ತೆ. ಜೋಡಿ ಅಂದ್ರೆ ಒಂದೇ ದಿನ ಹುಟ್ಟಿ ಒಂದೇ ದಿನ ಸಾಯಬೇಕು." ನಾನು, "ಒಂದು ಕೊಂಡಿಯನ್ನೇ ಬದಲಿಸಬಹುದು ಎಂದು ನೀವೇ ಅಲ್ಲವೇ ಹೇಳಿಕೊಟ್ಟದ್ದು?" ಎಂದೆ. ಗೆದ್ದ ವಾದ ಅದು. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಆ ತಿಂಗಳ ಕೊನೆಗೆ ಮಿತವ್ಯಯಕ್ಕಾಗಿ ನನಗೊಂದು ಮೆಚ್ಚುಗೆಯ ಪತ್ರ ಬಂತು. ಅದು ಈಗಲೂ ಟ್ರಂಕಿನಲ್ಲಿದೆ.

ಹೊಸ ಸಾಲು ಹಾಕಿದ ಎರಡು ತಿಂಗಳಿಗೆ, ಒಂದು ರಾತ್ರಿ ಪಾಳಿಯಲ್ಲಿ, ಗೂಡಿನೊಳಗೆ ಕೆರೆಯುವ ಸದ್ದು ಕೇಳಿತಂತೆ. ಓರೆಯಾದ ಬಕೆಟ್ಟಿನ ಅಂಚು ಗೋಡೆಗೆ ತಾಗುತ್ತಿತ್ತು. ನಿಲ್ಲಿಸಿದರು. ತಳದ ಬಾಗಿಲು ತೆಗೆದರೆ ಚೆಲ್ಲಿದ ಹಿಟ್ಟು ತುಂಬಿಕೊಂಡಿದೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡೋಣವೆಂದು ಮೋಟಾರಿಗೆ ಹೇಳಿ ಕಳಿಸಿದರು. ಬಕೆಟ್ಟುಗಳು ತುಂಬಿರುವಾಗ ನಿಂತದ್ದನ್ನು ಹೊರಡಿಸುವ ಗಳಿಗೆಯೇ ಸರಪಳಿಗೆ ಅತ್ಯಂತ ಭಾರದ ಗಳಿಗೆ. ಇದೂ ನನಗೆ ಆಮೇಲೆ ತಿಳಿದದ್ದು. ಆ ಊರಿನವನೇ ಆದ ಒಬ್ಬ ಹುಡುಗ, ಹೆಲ್ಪರು, ಸಲಿಕೆ ಹಾಕಿ ಹಿಟ್ಟು ಎಳೆಯಲು ಬಗ್ಗಿದ್ದ. ಮೇಸ್ತ್ರಿ ಏನು ಕೇಳಿದರೋ ಏನು ಕಂಡರೋ, ಅವನ ಅಂಗಿಯ ಕತ್ತು ಹಿಡಿದು ಹಿಂದಕ್ಕೆಳೆದರು. ಮೇಲಿಂದ ಹಳೆಯ ಸಾಲು ಕಡಿದುಬಂತು. ಬಕೆಟ್ಟುಗಳು ಒಂದರ ಮೇಲೊಂದು ಬಿದ್ದವು. ಒಂದು ಬಾಗಿಲಿಂದ ಹೊರಚಿಮ್ಮಿ ಮೇಸ್ತ್ರಿಯ ಎಡಪಾದದ ಮೇಲೆ ಕೂತಿತು.

ಹುಡುಗನಿಗೆ ಏನೂ ಆಗಲಿಲ್ಲ. ಮೇಸ್ತ್ರಿ ನಾಲ್ಕು ತಿಂಗಳು ಮಂಚ ಹಿಡಿದರು. ಮತ್ತೆ ಬಂದಾಗ ಎಡಗಾಲು ಎಳೆದು ಹಾಕುತ್ತಿದ್ದರು. ವಿಚಾರಣೆ ನಡೆಯಿತು. ಕಡಿದ ಕೊಂಡಿಯ ಒಳಬಾಗು ಅರ್ಧದಷ್ಟು ತೇದುಹೋಗಿತ್ತು. ಹೊರಗೆ ಮಾತ್ರ ನಾನು ಅಳೆದಂತೆಯೇ, ಹೊಸದರ ಹಾಗೆ. ವರದಿಯಲ್ಲಿ 'ಸವೆತ ಮತ್ತು ಲೋಹದ ದಣಿವು' ಎಂದು ಬರೆದರು. ದಣಿವಿಗೆ ಯಾರನ್ನು ಹೊಣೆ ಮಾಡುವುದು? ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

'ಲೋಹದ ದಣಿವು' ಎಂಬ ಆ ಮಾತು ಮಾತ್ರ ನನ್ನನ್ನು ಬಿಡದೆ ಕಾಡಿತು. ಕಲಬುರ್ಗಿಯಲ್ಲೂ, ಬೆಂಗಳೂರಿಗೆ ಬಂದಾಗ ಇಲ್ಲಿಯೂ, ಲೈಬ್ರರಿಗಳಲ್ಲಿ ಕುಳಿತು ಓದಿದೆ. ತಪ್ಪು ನನ್ನದಲ್ಲವೆಂದು ಹೇಳುವ ಪುಸ್ತಕ ಎಲ್ಲಾದರೂ ಸಿಕ್ಕೀತೇ ಎಂಬ ಆಸೆ ಇದ್ದಿರಬೇಕು. ಸಿಕ್ಕಿದ್ದು ಬೇರೆಯೇ ಒಬ್ಬ ಮನುಷ್ಯನ ಕಥೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ, ಕ್ಲೌಸ್ಟಾಲ್ ಎಂಬ ಊರಿನಲ್ಲಿ, ವಿಲ್‌ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಇದ್ದ. ಅವನು ಓದಿದ್ದು ಯಂತ್ರವಿದ್ಯೆಯನ್ನಲ್ಲ, ಕಾನೂನು. ಅಂದರೆ ನನ್ನ ಹಾಗೆ ಕಾಗದದ ಕಡೆಯವನು. ಅಲ್ಲಿನ ಗಣಿಗಳಲ್ಲಿ ಅದಿರನ್ನು ಮೇಲೆತ್ತುತ್ತಿದ್ದದ್ದು ನಾರಿನ ಹಗ್ಗದಿಂದ, ಇಲ್ಲವೇ ಕಬ್ಬಿಣದ ಸರಪಳಿಯಿಂದ. ಹಗ್ಗ ಕೊಳೆಯುತ್ತಿತ್ತು. ಸರಪಳಿ, ನಿನ್ನೆ ಹೊತ್ತ ಭಾರವನ್ನೇ ಇಂದೂ ಹೊರುತ್ತಾ, ಇದ್ದಕ್ಕಿದ್ದಂತೆ ಕಡಿಯುತ್ತಿತ್ತು. ಅವನು ವರದಿ ಬರೆದು ಕೈತೊಳೆದುಕೊಳ್ಳಲಿಲ್ಲ. ಒಂದು ಯಂತ್ರ ಕಟ್ಟಿಸಿ, ಸರಪಳಿಯ ಮೇಲೆ ಮತ್ತೆ ಮತ್ತೆ ಅದೇ ಭಾರ ಹಾಕಿ ತೆಗೆದು, ಲಕ್ಷ ಸಲದವರೆಗೆ ಎಣಿಸಿದ. ಒಂದು ಸಲ ಹೊರಬಲ್ಲ ಭಾರವನ್ನೇ ಲೋಹ ಲಕ್ಷ ಸಲ ಹೊರಲಾರದು ಎಂಬುದು ಹೀಗೆ ಮೊದಲು ದಾಖಲೆಗೆ ಬಂದದ್ದು 1829ರಲ್ಲಿ. ಐದು ವರ್ಷಗಳ ನಂತರ, 1834ರಲ್ಲಿ, ಅವನು ನಾಲ್ಕು ನಾಲ್ಕು ಕಬ್ಬಿಣದ ತಂತಿಗಳ ಮೂರು ಎಳೆಗಳನ್ನು ಕೈಯಲ್ಲೇ ಹೊಸೆಸಿ ಒಂದು ಹಗ್ಗ ಮಾಡಿಸಿ, ಅಲ್ಲಿಯ ಕ್ಯಾರೊಲೈನ್ ಗಣಿಯಲ್ಲಿ ಹೂಡಿದ. ಚಾಂಪಿಯನ್ ರೀಫ್‌ನಲ್ಲಿ ಮೇಸ್ತ್ರಿಯ ತಂದೆ ತೂಗಿ ಇಳಿದ ಹಗ್ಗ ಅದೇ ಹಗ್ಗದ ಮೊಮ್ಮಗ.

ಸರಪಳಿ ಅಲ್ಲಿಗೆ ಗಣಿಯನ್ನು ಬಿಟ್ಟು ಹೋಗಲಿಲ್ಲ. ಮೇಲಿಂದ ತೂಗುವ ಕೆಲಸ ಬಿಟ್ಟು ನೆಲದ ಮೇಲೆ ಎಳೆಯುವ ಕೆಲಸಕ್ಕೆ ಇಳಿಯಿತು. ಸಿಂಗರೇಣಿಯ ಅಡ್ರಿಯಾಲದಂಥ ಲಾಂಗ್‌ವಾಲ್ ಗಣಿಗಳಲ್ಲಿ, ಕಲ್ಲಿದ್ದಲಿನ ಗೋಡೆಯ ಉದ್ದಕ್ಕೂ ಹಾಸಿದ ಉಕ್ಕಿನ ದೋಣಿಯಲ್ಲಿ, ಎರಡು ಬೆರಳು ದಪ್ಪದ ಕೊಂಡಿಗಳ ಜೋಡಿ ಸರಪಳಿ ಅಡ್ಡಪಟ್ಟಿಗಳನ್ನು ಕಟ್ಟಿಕೊಂಡು ಇದ್ದಲನ್ನು ಕೆರೆದು ಒಯ್ಯುತ್ತದೆ. ಅಲ್ಲಿ ಕೊಂಡಿ ಕಡಿದರೆ ಮೇಲಿಂದ ಬೀಳುವುದಿಲ್ಲ, ನಿಲ್ಲುತ್ತದೆ. ಆದರೂ ಬಿಗಿದ ಸರಪಳಿ ಕಡಿದಾಗ ಹತ್ತಿರ ನಿಲ್ಲಬಾರದು ಎಂಬುದನ್ನು ಅಲ್ಲಿನವರು ಬಲ್ಲರು. ಅಲ್ಲಿಯೂ ಅವರು ಸರಪಳಿಯನ್ನು ಜೋಡಿಯಾಗಿಯೇ ತರಿಸುತ್ತಾರೆ, ಉದ್ದ ಹೊಂದಿಸಿ ಚೀಟಿ ಕಟ್ಟಿ ಕಳಿಸಿದ್ದನ್ನು. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಮನೆಗೆ ಬಂದುಬಿಟ್ಟೆ.

ಮೇಸ್ತ್ರಿ ನಿವೃತ್ತರಾಗಿ ಊರಿಗೆ ಹೋದರು. 2001ರ ಫೆಬ್ರವರಿಯಲ್ಲಿ ಆ ಗಣಿಗಳೇ ಮುಚ್ಚಿದವು. ನಾನೂ ನಿವೃತ್ತನಾಗಿ ಬೆಂಗಳೂರಿಗೆ ಬಂದೆ. 2012ರಲ್ಲಿ ಒಂದು ಬೆಳಿಗ್ಗೆ ಮಾರಿಕುಪ್ಪಮ್ಮಿನ ರೈಲಿನಲ್ಲಿ ಬಂದಿಳಿದು, ವಿಳಾಸ ಕೇಳಿಕೊಂಡು, ಕಾಲೆಳೆಯುತ್ತಾ ನಮ್ಮ ಮನೆಗೆ ಬಂದರು. ಮೊಮ್ಮಗನಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ಅವನನ್ನು ನೋಡಲು ಬಂದವರು ನನ್ನನ್ನೂ ನೋಡಿ ಹೋಗೋಣವೆಂದು. ಹೆಂಡತಿ ಕಾಫಿಗೆ ಒಳಗೆ ಹೋದಳು. ಅದೂ ಇದೂ ಮಾತಾಯಿತು. ಇಪ್ಪತ್ತೊಂದು ವರ್ಷ ಗಂಟಲಲ್ಲಿ ಇದ್ದದ್ದು ಆ ದಿನ ಹೇಗೋ ಹೊರಬಂತು.

"ಮೇಸ್ತ್ರಿ, ಆ ಇಂಡೆಂಟು ಕತ್ತರಿಸಿದವನು ನಾನು."

"ಗೊತ್ತು ಸ್ವಾಮಿ" ಎಂದರು. "ಕಾಗದ ವಾಪಸು ನನ್ನ ಕೈಗೇ ಬಂತಲ್ಲ. ನಿಮ್ಮ ಅಕ್ಷರ ಮುತ್ತಿನ ಹಾಗೆ. ನನ್ನ ಮಗಳಿಗೆ ತೋರಿಸ್ತಿದ್ದೆ, ಹೀಗೆ ಬರೀಬೇಕು ಅಂತ."

ನನಗೆ ಮಾತು ಹೊರಡಲಿಲ್ಲ. ಕುರ್ಚಿ ತಗ್ಗಾಗಿತ್ತು, ಅವರಿಗೆ ಕಾಲು ಮಡಚುವುದು ಕಷ್ಟವಾಗುತ್ತಿತ್ತು. "ತೂಗುಮಣೆಯ ಮೇಲೆ ಕೂತುಕೊಳ್ಳಿ, ಎತ್ತರವಾಗಿದೆ" ಎಂದೆ. ಎದ್ದು ಹೋದರು. ಕೂರಲಿಲ್ಲ. ಒಂದು ಕೈಯಲ್ಲಿ ಹಲಗೆಯನ್ನು ಮೇಲೆತ್ತಿ ಸರಪಳಿಯನ್ನು ಸಡಿಲ ಮಾಡಿ, ಇನ್ನೊಂದು ಕೈಯ ಹೆಬ್ಬೆರಳನ್ನು ಕೊಂಡಿಯ ಒಳಗೆ ತೂರಿಸಿ, ಬಾಗಿನ ಮೇಲೆ ಒಮ್ಮೆ ಆಡಿಸಿದರು. ಮೇಲಿನ ಕೊಂಡಿ. ಅದರ ಮೇಲಿನದು. ಆಮೇಲೆ ಎದುರು ಬದಿಯ ಸರಪಳಿಗೆ ಬಂದರು.

"ಯಾರು ನೋಡ್ತಾರೆ ಇದನ್ನ?"

"ನಾನೇ. ವರ್ಷಕ್ಕೊಂದು ಸಲ."

"ಎಲ್ಲಾನೂ?"

"ಎಲ್ಲವನ್ನೂ."

ಹಲಗೆ ಬಿಟ್ಟರು. ಅದು ಸ್ವಲ್ಪ ಹೊತ್ತು ತೂಗಿ ನಿಂತಿತು. ಬೆನ್ನು ತಿರುಗಿಸಿ, ಎರಡು ಸರಪಳಿಗಳನ್ನೂ ಹಿಡಿದು, ಎಡಗಾಲನ್ನು ಮುಂದೆ ಚಾಚಿ ಕೂತರು. ಅಷ್ಟರಲ್ಲಿ ಕಾಫಿ ಬಂತು. ಸಕ್ಕರೆ ಬೇಡ ಎಂದರು; ಎರಡು ವರ್ಷದಿಂದ ಬಿಟ್ಟಿದ್ದಾರಂತೆ.